ಬರುವ ನೆಂಟನ ಮೇಲೆ ವಾರಂಟ್ ಇದೆಯೇ? ಅಂಕೋಲಾ ತಾಲೂಕಿನ ಒಂದು ಪ್ರಕರಣ ಅಧ್ಯಯನ

ಇಲ್ಲಿ ಬರುವವರ ಹೆಸರು, ಊರು, ಕಸುಬಿನ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಲಾಗಿದೆ. ಕೋರ್ಟಿನ ಕ್ರಮ, ಠಾಣೆಯ ರೀತಿ, ಕಾನೂನಿನ ಕಲಂಗಳನ್ನು ಬದಲಿಸಿಲ್ಲ.

ಹಿನ್ನೆಲೆ

ಗಂಗಾವಳಿ ಹೊಳೆಗೆ ಹತ್ತಿರದ ಒಂದೂರು. ಅರವತ್ತು ದಾಟಿದ ಮಹಿಳೆಯೊಬ್ಬರು ಗಂಡ ತೀರಿಕೊಂಡ ಮೇಲೆ ಹೆಂಚಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ಮಗನಿಗೆ ಬೆಂಗಳೂರಿನಲ್ಲಿ ನೌಕರಿ. ಜಗುಲಿಯ ಪಕ್ಕದ ಕೋಣೆ ಖಾಲಿ ಬಿದ್ದಿದೆ. ನವರಾತ್ರಿ ಕಳೆದ ವಾರ ಗಂಡನ ತಂಗಿಯ ಮಗ ಹುಬ್ಬಳ್ಳಿಯಿಂದ ಫೋನ್ ಮಾಡಿದ. ಹೆದ್ದಾರಿ 66ರ ಬದಿಯ ಚರಂಡಿ ಕಟ್ಟುವ ತುಂಡುಗುತ್ತಿಗೆ ಸಿಕ್ಕಿದೆ, ಯುಗಾದಿಯವರೆಗೆ ಅತ್ತೆಯ ಮನೆಯಲ್ಲಿ ಉಳಿಯಬಹುದೇ ಎಂದು ಕೇಳಿದ. ಅವನನ್ನು ಇಲ್ಲಿ ಮಂಜುನಾಥ ಎನ್ನೋಣ. ಪ್ರಾಯ ಮೂವತ್ತನಾಲ್ಕು.

ಅತ್ತೆ ಬಾ ಎಂದರು. ಬೇಡ ಎನ್ನಲು ಕಾರಣವೂ ಇರಲಿಲ್ಲ. ಬೇಡ ಎಂದಿದ್ದರೆ ನಾದಿನಿಯ ಮನೆಯೊಂದಿಗೆ ಮಾತೇ ನಿಲ್ಲುತ್ತಿತ್ತು. ಅದಾಗಿ ನಾಲ್ಕು ದಿನಕ್ಕೆ ಒಂದು ಶ್ರಾದ್ಧದ ಊಟದಲ್ಲಿ ದೂರದ ಸಂಬಂಧಿಯೊಬ್ಬರು, ‘ಅವನ ಮೇಲೆ ವಾರಂಟ್ ಆಗಿದೆಯಂತೆ, ಪೊಲೀಸರು ಹುಡುಕ್ತಿದ್ದಾರಂತೆ’ ಎಂದರು. ಯಾವ ಕೋರ್ಟು, ಯಾವ ಕೇಸು, ಯಾರು ಹೇಳಿದ್ದು ಎಂದು ಕೇಳಿದರೆ ಅವರಿಗೆ ಗೊತ್ತಿರಲಿಲ್ಲ.

ಎದುರಾದ ತೊಡಕು

ಮನೆಯವರ ಮುಂದೆ ಎರಡು ಭಯಗಳಿದ್ದವು. ಮೊದಲನೆಯದು, ಬರುವವನು ಎಂಥ ಅಪರಾಧದಲ್ಲಿ ಸಿಕ್ಕಿಕೊಂಡಿದ್ದಾನೆ ಎಂಬುದು. ಒಂಟಿ ಹೆಂಗಸಿನ ಮನೆಯಲ್ಲಿ ಐದಾರು ತಿಂಗಳು ಇರುವವನ ಬಗ್ಗೆ ಈ ಪ್ರಶ್ನೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಎರಡನೆಯದು, ವಾರಂಟ್ ಇದ್ದವನನ್ನು ಮನೆಯಲ್ಲಿ ಇಟ್ಟುಕೊಂಡರೆ ತಮ್ಮ ಮೇಲೂ ಕೇಸಾಗುತ್ತದೆಯೇ ಎಂಬುದು.

ಎರಡನೆಯ ಭಯಕ್ಕೆ ಕಾನೂನಿನಲ್ಲಿ ಸ್ಪಷ್ಟ ಉತ್ತರವಿದೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 253 (ಹಳೆಯ ದಂಡ ಸಂಹಿತೆಯ 216) ಹೇಳುವುದು ಇಷ್ಟು: ಒಬ್ಬನನ್ನು ಅಪರಾಧಕ್ಕಾಗಿ ಹಿಡಿಯಬೇಕೆಂದು ಆದೇಶವಾಗಿದೆ ಎಂದು ತಿಳಿದೂ, ಅವನು ಸಿಕ್ಕಿಬೀಳಬಾರದು ಎಂಬ ಉದ್ದೇಶದಿಂದ ಆಶ್ರಯ ಕೊಟ್ಟರೆ ಅಪರಾಧ. ತಿಳಿದಿರಬೇಕು, ಉದ್ದೇಶವೂ ಇರಬೇಕು, ಎರಡೂ ಸೇರಬೇಕು. ಗೊತ್ತಿಲ್ಲದೆ ನೆಂಟನಿಗೆ ಊಟ ಹಾಕಿದವರು ಇದರಲ್ಲಿ ಬರುವುದಿಲ್ಲ. ಆದರೆ ಆಶ್ರಯ ಎಂಬುದಕ್ಕೆ ಕಾನೂನು ಕೊಡುವ ಅರ್ಥ ಅಗಲವಾದದ್ದು. ಇರಲು ಜಾಗ, ಊಟ, ಹಣ, ಬಟ್ಟೆ, ಓಡಾಡಲು ವಾಹನ ಕೊಡುವುದೆಲ್ಲ ಅದರಲ್ಲಿ ಸೇರುತ್ತದೆ. ಶಿಕ್ಷೆ ಮೂಲ ಅಪರಾಧದ ತೂಕಕ್ಕೆ ತಕ್ಕಂತೆ. ಮರಣದಂಡನೆಯಾಗಬಹುದಾದ ಅಪರಾಧವಾದರೆ ಆಶ್ರಯ ಕೊಟ್ಟವರಿಗೆ ಏಳು ವರ್ಷದವರೆಗೆ. ಒಂದರಿಂದ ಹತ್ತು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ ಅದರ ಗರಿಷ್ಠ ಅವಧಿಯ ಕಾಲು ಭಾಗದವರೆಗೆ. ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಕೊಟ್ಟ ಆಶ್ರಯಕ್ಕೆ ಮಾತ್ರ ವಿನಾಯಿತಿ. ಅತ್ತೆ–ಅಳಿಯ ಸಂಬಂಧಕ್ಕೆ ಅದಿಲ್ಲ.

ಗೊತ್ತಿಲ್ಲದಿದ್ದರೆ ಅಪರಾಧವಿಲ್ಲ ಎಂದ ಮೇಲೆ ವಿಚಾರಿಸದೇ ಇರುವುದೇ ಒಳ್ಳೆಯದು ಎಂದು ಬೆಂಗಳೂರಿನ ಮಗ ಮೊದಲು ವಾದಿಸಿದ. ಇದು ಕೆಟ್ಟ ಸಲಹೆ. ಗುಮಾನಿ ಕಿವಿಗೆ ಬಿದ್ದಾಗಿದೆ, ಹತ್ತು ಜನರೆದುರು ಬಿದ್ದಿದೆ. ನಾಳೆ ಪೊಲೀಸರು ಬಂದು ‘ನಿಮಗೆ ಗೊತ್ತಿರಲಿಲ್ಲವೇ’ ಎಂದರೆ ಉತ್ತರ ಕೊಡಬೇಕಾದವರು ಮನೆಯಲ್ಲಿರುವ ತಾಯಿಯೇ. ವಾರಂಟ್ ಹಿಡಿದು ಬಂದ ಪೊಲೀಸರಿಗೆ ಬಾಗಿಲು ತೆರೆದು ಒಳಗೆ ಬಿಡುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದದ್ದು) ಕಲಂ 44ರಂತೆ ಮನೆಯಲ್ಲಿರುವವರ ಕರ್ತವ್ಯ. ರಾತ್ರಿ ಹೊತ್ತು ಅಂಥ ಸ್ಥಿತಿಯನ್ನು ಒಬ್ಬರೇ ಎದುರಿಸುವುದಕ್ಕಿಂತ ಹಗಲಿನಲ್ಲಿ ಮೊದಲೇ ತಿಳಿದುಕೊಳ್ಳುವುದು ಸಾವಿರ ಪಾಲು ಮೇಲು.

ಮೊದಲ ಪ್ರಯತ್ನ: ಹತ್ತಿರದ ಠಾಣೆ

ನೆರೆಮನೆಯವರ ಪರಿಚಯದ ಪೊಲೀಸ್ ಪೇದೆಯೊಬ್ಬರಿದ್ದರು. ಅವರ ಬಳಿ ಹೆಸರು ಹೇಳಿ ಕೇಳಿದ್ದಾಯಿತು. ಮರುದಿನ ‘ನಮ್ಮಲ್ಲಿ ಏನೂ ಇಲ್ಲ’ ಎಂಬ ಉತ್ತರ ಬಂತು. ಮನೆಯಲ್ಲಿ ನಿರಾಳವಾಯಿತು, ಜಗುಲಿಯ ಕೋಣೆಗೆ ಸುಣ್ಣವೂ ಬಳಿಯಲಾಯಿತು.

ಪೇದೆ ಹೇಳಿದ್ದು ನಿಜ. ಮನೆಯವರು ಅದನ್ನು ಅರ್ಥಮಾಡಿಕೊಂಡ ರೀತಿ ಸರಿಯಿರಲಿಲ್ಲ. ಕೋರ್ಟು ಹೊರಡಿಸಿದ ವಾರಂಟ್ ಸಾಮಾನ್ಯವಾಗಿ ಆರೋಪಿಯ ವಿಳಾಸ ಯಾವ ಠಾಣೆಯ ಹದ್ದಿನಲ್ಲಿದೆಯೋ ಆ ಠಾಣೆಗೆ ಹೋಗುತ್ತದೆ. ಅಲ್ಲಿ ರಿಜಿಸ್ಟರಿಗೆ ಹತ್ತಿ ಜಾರಿ ಮಾಡಲು ಒಬ್ಬ ಸಿಬ್ಬಂದಿಯ ಕೈಗೆ ಬರುತ್ತದೆ. ಹುಬ್ಬಳ್ಳಿ ವಿಳಾಸದವನ ವಾರಂಟ್ ಹುಬ್ಬಳ್ಳಿಯ ಠಾಣೆಯಲ್ಲಿ ಇರುತ್ತದೆಯೇ ಹೊರತು ಕರಾವಳಿಯ ಠಾಣೆಯ ಪುಸ್ತಕದಲ್ಲಿ ಅಲ್ಲ. ‘ನಮ್ಮಲ್ಲಿ ಇಲ್ಲ’ ಎಂಬುದನ್ನು ‘ಎಲ್ಲೂ ಇಲ್ಲ’ ಎಂದು ತಿಳಿದದ್ದರಿಂದ ಎರಡು ವಾರ ವ್ಯರ್ಥವಾಯಿತು.

ಯಾರ ಮೇಲೆ ವಾರಂಟ್ ಇದೆ ಎಂದು ಹೆಸರು ಹಾಕಿ ಸಾರ್ವಜನಿಕರು ನೋಡಬಹುದಾದ ಒಂದೇ ಒಂದು ಪಟ್ಟಿ ನಮ್ಮ ದೇಶದಲ್ಲಿಲ್ಲ. ಪೊಲೀಸರ ಒಳಗಿನ ಕಂಪ್ಯೂಟರ್ ಜಾಲ ಇಲಾಖೆಯ ಕೆಲಸಕ್ಕಾಗಿ ಇರುವಂಥದ್ದು. ಪರಿಚಯದ ಸಿಬ್ಬಂದಿಯನ್ನು ಅದರಲ್ಲಿ ನೋಡಿ ಹೇಳಿ ಎಂದು ಒತ್ತಾಯಿಸಿದರೆ ಅವರ ನೌಕರಿಗೆ ಸಂಚಕಾರ ಬಂದೀತು. ಸಾರ್ವಜನಿಕರಿಗೆ ತೆರೆದಿರುವ ದಾರಿ ಕೋರ್ಟಿನದು.

ಎರಡನೆಯ ಪ್ರಯತ್ನ: ಕೋರ್ಟಿನ ವೆಬ್‌ಸೈಟು

ಮಗ ಇಕೋರ್ಟ್ಸ್ ಸೇವೆಯ ವೆಬ್‌ಸೈಟಿನಲ್ಲಿ ಹುಡುಕತೊಡಗಿದ. ಈ ಭಾಗ ಎಲ್ಲರಿಗೂ ಉಪಯೋಗವಾಗುವಂಥದ್ದಾದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

‘ಕೇಸ್ ಸ್ಟೇಟಸ್’ ತೆರೆದು ರಾಜ್ಯ, ಜಿಲ್ಲೆ, ಕೋರ್ಟ್ ಕಾಂಪ್ಲೆಕ್ಸ್ ಆರಿಸಬೇಕು. ಹುಬ್ಬಳ್ಳಿ ಬೇಕಾದರೆ ಜಿಲ್ಲೆ ಧಾರವಾಡ ಎಂದು ಹಾಕಬೇಕು. ಕಾರವಾರ, ಶಿರಸಿ, ಕುಮಟಾ, ಭಟ್ಕಳ ಎಲ್ಲವೂ ಉತ್ತರ ಕನ್ನಡದೊಳಗೆ ಬೇರೆ ಬೇರೆ ಕಾಂಪ್ಲೆಕ್ಸುಗಳು, ಒಂದರಲ್ಲಿ ಹುಡುಕಿದರೆ ಇನ್ನೊಂದರದು ತೋರುವುದಿಲ್ಲ. ಮಾಜಾಳಿ ದಾಟಿ ಕಾಣಕೋಣದ ಕಡೆ ಕೆಲಸ ಮಾಡಿದವನಾದರೆ ರಾಜ್ಯವನ್ನೇ ಗೋವಾ ಎಂದು ಬದಲಿಸಿ ದಕ್ಷಿಣ ಗೋವಾದಲ್ಲಿ ನೋಡಬೇಕು. ಆಮೇಲೆ ‘ಪಾರ್ಟಿ ನೇಮ್’ ಆರಿಸಿ ಹೆಸರು ಹಾಕಬೇಕು, ಕನಿಷ್ಠ ಮೂರು ಅಕ್ಷರ. ವರ್ಷ ಹಾಕಲೇಬೇಕು, ಒಂದು ಸಲಕ್ಕೆ ಒಂದೇ ವರ್ಷ. ಇದು ಕೇಸು ದಾಖಲಾದ ವರ್ಷ, ವಾರಂಟ್ ಆದ ವರ್ಷವಲ್ಲ. ‘ಪೆಂಡಿಂಗ್’ ಮಾತ್ರ ಸಾಲದು, ‘ಬೋತ್’ ಆರಿಸಿದರೆ ಮುಗಿದವೂ ಬರುತ್ತವೆ. ಕ್ಯಾಪ್ಚಾ ತುಂಬಿದರೆ ಪಟ್ಟಿ ಬರುತ್ತದೆ. ಎಂಟು ವರ್ಷ, ಮೂರು ಕೋರ್ಟು ನೋಡಬೇಕೆಂದರೆ ಒಂದು ಕಾಗುಣಿತಕ್ಕೇ ಇಪ್ಪತ್ತನಾಲ್ಕು ಸಲ ಹುಡುಕಬೇಕು. ಬೇಸರದ ಕೆಲಸ, ಆದರೆ ಅಡ್ಡದಾರಿ ಇಲ್ಲ.

ಕಾಗುಣಿತವೇ ದೊಡ್ಡ ತೊಡಕು. ಅಲ್ಲಿನ ಹೆಸರುಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ಇರುತ್ತವೆ. ಮಂಜುನಾಥ ಎಂಬುದರ ಕೊನೆಯಲ್ಲಿ ‘ಎ’ ಹಾಕಿದ್ದಾರೋ ಇಲ್ಲವೋ, ಗಣಪತಿಯ ‘ತಿ’ಗೆ ‘ಎಚ್’ ಇದೆಯೋ ಇಲ್ಲವೋ ಹೇಳಲಾಗದು. ನಮ್ಮ ಜಿಲ್ಲೆಯಲ್ಲಂತೂ ನಾಯ್ಕ, ನಾಯಕ ಎರಡೂ ಬೇರೆ. ಇಂಗ್ಲಿಷಿಗೆ ಹೋಗುವಾಗ ‘ಐ’ ಹಾಕಿಯೂ ಬರೆಯುತ್ತಾರೆ, ‘ವೈ’ ಹಾಕಿಯೂ ಬರೆಯುತ್ತಾರೆ, ಎರಡೂ ಕಲಸಿಹೋಗುತ್ತವೆ. ಹೆಗಡೆ, ಭಟ್ಟ, ಶೆಟ್ಟಿ, ಗೌಡ ಇವುಗಳ ಪಾಡೂ ಇದೇ. ಇದಕ್ಕೊಂದು ಉಪಾಯವೆಂದರೆ ಎಲ್ಲ ಕಾಗುಣಿತಗಳಲ್ಲೂ ಸಮಾನವಾಗಿರುವ ತುಂಡನ್ನಷ್ಟೇ ಹಾಕುವುದು. ಅಡ್ಡಹೆಸರು ಬಿಟ್ಟು ಬರೀ ಹೆಸರಿನ ಮೊದಲ ಏಳೆಂಟು ಅಕ್ಷರ ಹಾಕಿದರೆ ಪಟ್ಟಿ ಉದ್ದವಾಗುತ್ತದೆ, ಆದರೆ ಯಾವುದೂ ತಪ್ಪಿಹೋಗುವುದಿಲ್ಲ.

ಮಗ ಹುಡುಕಿದ್ದು ಹುಬ್ಬಳ್ಳಿಯೊಂದರಲ್ಲೇ. ಅಲ್ಲಿ 2017ರ ಒಂದು ಕ್ರಿಮಿನಲ್ ಕೇಸು ಸಿಕ್ಕಿತು. ಅದೇ ಹೆಸರು, ಅದೇ ಅಡ್ಡಹೆಸರು. ಹೊಡೆದಾಟದ ಕಲಂಗಳು. ಹಂತದ ಕಾಲಮ್ಮಿನಲ್ಲಿ ‘ಎನ್‌ಬಿಡಬ್ಲ್ಯೂ’, ಅಂದರೆ ಜಾಮೀನುರಹಿತ ವಾರಂಟ್. ಅವನು ಅದರ ಸ್ಕ್ರೀನ್‌ಶಾಟ್ ತೆಗೆದು ಒಬ್ಬ ಚಿಕ್ಕಪ್ಪನಿಗೆ ಕಳಿಸಿದ. ಚಿಕ್ಕಪ್ಪ ಅದನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು. ಅರ್ಧ ಗಂಟೆಯೊಳಗೆ ಮೂರು ತಾಲೂಕಿನ ನೆಂಟರಿಗೆ ಸುದ್ದಿ ಮುಟ್ಟಿತ್ತು.

ಈ ಪ್ರಕರಣದಲ್ಲಿ ಅತಿ ಹೆಚ್ಚು ಹಾನಿ ಮಾಡಿದ ನಡೆ ಇದೇ. ಆ ಕೇಸಿನ ಆರೋಪಿ ಬೇರೆಯವನು.

ಗೊತ್ತಾದದ್ದು ಹೀಗೆ. ಪೊಲೀಸರು ಹಾಕಿದ ಕೇಸಾದರೆ ಕೋರ್ಟಿನ ಪುಟದ ಕೆಳಗೆ ಠಾಣೆಯ ಹೆಸರು, ಎಫ್‌ಐಆರ್ ನಂಬರು, ವರ್ಷ ಇರುತ್ತವೆ. ಸುಪ್ರೀಂ ಕೋರ್ಟಿನ 2016ರ ತೀರ್ಪಿನ ನಂತರ ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು. ಜಿಲ್ಲೆ, ಠಾಣೆ, ನಂಬರು ಹಾಕಿ ಆ ಪ್ರತಿ ತೆಗೆದರೆ ಆರೋಪಿಯ ತಂದೆಯ ಹೆಸರು, ಪ್ರಾಯ, ವೃತ್ತಿ, ಸಾಕಿನ್ (ವಾಸದ ಊರು) ಸಿಗುತ್ತದೆ. ಇಲ್ಲಿ ತಂದೆಯ ಹೆಸರು ಬೇರೆ ಇತ್ತು, ಪ್ರಾಯ ಐವತ್ತರ ಮೇಲೆ. ಹೆಸರು ಹೊಂದಿತೆಂದು ಮನುಷ್ಯನೂ ಅವನೇ ಎನ್ನುವಂತಿಲ್ಲ. ತಂದೆಯ ಹೆಸರು, ಪ್ರಾಯ, ಊರು ಈ ಮೂರೂ ಕೂಡಿಬರುವವರೆಗೆ ಏನನ್ನೂ ತೀರ್ಮಾನಿಸಬಾರದು, ಯಾರಿಗೂ ಕಳಿಸಬಾರದು. ಸುಳ್ಳು ಆರೋಪ ಹರಡಿ ಒಬ್ಬನ ಮರ್ಯಾದೆ ತೆಗೆಯುವುದು ನ್ಯಾಯ ಸಂಹಿತೆಯ ಕಲಂ 356ರಂತೆ ಮಾನಹಾನಿ, ಎರಡು ವರ್ಷದವರೆಗೆ ಶಿಕ್ಷೆಯಾಗಬಹುದು. ಅದಕ್ಕಿಂತ ಹೆಚ್ಚಿನ ಮಾತೆಂದರೆ ನಾದಿನಿ, ಅಂದರೆ ಮಂಜುನಾಥನ ತಾಯಿ, ಆ ಗುಂಪಿನಲ್ಲಿದ್ದರು. ಮಗನ ಹೆಸರಿನ ಕೆಳಗೆ ‘ವಾರಂಟ್’ ಎಂದು ಬರೆದದ್ದನ್ನು ತಾಯಿ ಓದಿದರು.

ತಿರುವು

ಅತ್ತೆ ಈ ಹಂತದಲ್ಲಿ ತಾವೇ ಮುಂದಾದರು. ಕೋರ್ಟಿನ ಆವರಣದಲ್ಲೇ ಇರುವ ತಾಲೂಕು ಕಾನೂನು ಸೇವಾ ಸಮಿತಿಗೆ ಹೋದರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಇದು ಹಳ್ಳಿಯ ಎಷ್ಟೋ ಹೆಂಗಸರಿಗೆ ಇನ್ನೂ ತಿಳಿದಿಲ್ಲ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಅಲ್ಲಿನ ವಕೀಲರು ಹೆಸರು ಹುಡುಕುವ ಗೋಜಿಗೆ ಹೋಗಲಿಲ್ಲ. ಅವರು ಕೇಳಿದ ಮೊದಲ ಪ್ರಶ್ನೆ: ‘ಅವನು ಯಾರಿಗಾದರೂ ದುಡ್ಡು ಕೊಡುವುದಿತ್ತೇ? ಆ ಮನುಷ್ಯ ಯಾವ ಊರಿನವನು?’

ಈ ಪ್ರಶ್ನೆಯಿಂದ ಇಡೀ ಹುಡುಕಾಟದ ದಿಕ್ಕು ಬದಲಾಯಿತು. ಗುತ್ತಿಗೆ, ವ್ಯಾಪಾರ ಮಾಡುವವರ ಮೇಲಿನ ವಾರಂಟ್‌ಗಳಲ್ಲಿ ಚೆಕ್ ಬೌನ್ಸ್ ಕೇಸುಗಳದ್ದೇ ದೊಡ್ಡ ಪಾಲು ಎಂಬುದು ಕೋರ್ಟಿನ ಓಡಾಟವಿರುವವರಿಗೆ ಗೊತ್ತಿದೆ. ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 2015ರ ತಿದ್ದುಪಡಿಯ ಪ್ರಕಾರ, ಚೆಕ್ಕನ್ನು ಖಾತೆಗೆ ಜಮಾ ಮಾಡಿದ್ದಾದರೆ, ಹಣ ಬರಬೇಕಾದವನ ಬ್ಯಾಂಕ್ ಶಾಖೆ ಎಲ್ಲಿದೆಯೋ ಅಲ್ಲಿಯ ಕೋರ್ಟಿನಲ್ಲಿ ಕೇಸು ನಡೆಯುತ್ತದೆ. ಆರೋಪಿ ಹುಬ್ಬಳ್ಳಿಯಲ್ಲಿರಲಿ, ಗುಜರಾತಿನಲ್ಲಿರಲಿ, ಸಾಲ ಕೊಟ್ಟವನ ಖಾತೆ ಶಿರಸಿಯಲ್ಲಿದ್ದರೆ ಕೇಸು ಶಿರಸಿಯಲ್ಲೇ. ಆರೋಪಿ ವಾಸವಿರುವ ಊರಿನ ಕೋರ್ಟಿನಲ್ಲಷ್ಟೇ ಹುಡುಕಿದವರಿಗೆ ಇದು ಎಂದೂ ಸಿಗುವುದಿಲ್ಲ. ಇದರಲ್ಲಿ ಪೊಲೀಸರ ಎಫ್‌ಐಆರ್ ಕೂಡ ಇರುವುದಿಲ್ಲ. ಹಣ ಬರಬೇಕಾದವನೇ ನೇರವಾಗಿ ಕೋರ್ಟಿಗೆ ಖಾಸಗಿ ದೂರು ಕೊಡುತ್ತಾನೆ. ಸೇವಾ ಸಿಂಧುವಿನ ಮೂಲಕ ಪೊಲೀಸ್ ಪರಿಶೀಲನಾ ಪತ್ರ ತರಿಸಿದರೂ ಇಂಥ ಕೇಸು ಅದರಲ್ಲಿ ಕಾಣದೆ ಹೋಗಬಹುದು.

ವಕೀಲರ ಎರಡನೆಯ ಸಲಹೆ ಇನ್ನೂ ಸರಳ. ‘ಅವನನ್ನೇ ಕೇಳಿ.’ ಮೂರು ವಾರದಲ್ಲಿ ಆ ಮನೆಯವರು ಪೇದೆಯನ್ನು ಕೇಳಿದ್ದರು, ಚಿಕ್ಕಪ್ಪನನ್ನು ಕೇಳಿದ್ದರು, ವೆಬ್‌ಸೈಟನ್ನು ಕೇಳಿದ್ದರು, ಅವನೊಬ್ಬನನ್ನು ಬಿಟ್ಟು.

ಅಂದೇ ಸಂಜೆ ಅತ್ತೆ ಫೋನ್ ಮಾಡಿದರು. ‘ತಮಾ, ನೀ ಬರೂದಕ್ಕೆ ನನ್ನ ತಕರಾರಿಲ್ಲ. ಆದ್ರೆ ನಿನ್ನ ಮೇಲೆ ಎಲ್ಲಾದ್ರೂ ಕೇಸು, ವಾರಂಟು ಅಂತ ಇದ್ಯ? ಇದ್ರೆ ಈಗ್ಲೇ ಹೇಳು. ಹೇಳಿದ್ರೆ ದಾರಿ ಹುಡುಕ್ವ. ಇಲ್ಲಿ ಬಂದ ಮೇಲೆ ಗೊತ್ತಾದ್ರೆ ನಂಗೆ ಕಷ್ಟ.’

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಶಿರ್ಸಿಲಿ ಒಂದು ಚೆಕ್ಕಿಂದಿತ್ತು ಅತ್ತೆ. ಅರ್ಧ ದುಡ್ಡು ಕೊಟ್ಟಿದ್ದೆ. ಅದು ಮುಗೀತು ಅಂದ್ಕಂಡಿದ್ದೆ’ ಎಂದ.

ಅತ್ತೆಯ ಮಾತಿನ ಧಾಟಿ ಗಮನಿಸುವಂಥದ್ದು. ‘ನಿನ್ನ ಮೇಲೆ ವಾರಂಟ್ ಇದೆಯಂತಲ್ಲ’ ಎಂದು ಆರೋಪಿಸಿದ್ದರೆ ಅವನು ಇಲ್ಲ ಎನ್ನುತ್ತಿದ್ದ, ಅಥವಾ ಸಿಟ್ಟಿನಿಂದ ಫೋನ್ ಇಡುತ್ತಿದ್ದ. ಬಾ ಎಂಬುದನ್ನು ಮೊದಲು ಖಚಿತಪಡಿಸಿ, ಕೇಳುವ ಕಾರಣವನ್ನು ತನ್ನ ಕಷ್ಟಕ್ಕೆ ಜೋಡಿಸಿದ್ದರಿಂದ ಉತ್ತರ ಬಂತು.

ಸಿಕ್ಕಿದ್ದು ಏನು

ಉತ್ತರ ಕನ್ನಡ, ಶಿರಸಿ ಕಾಂಪ್ಲೆಕ್ಸ್, 2022 ಎಂದು ಹಾಕಿದೊಡನೆ ಕೇಸು ಎದುರಿಗೆ ಬಂತು. ಬಾಡಿಗೆಗೆ ತಂದ ಮಣ್ಣು ತೋಡುವ ಯಂತ್ರದ ಬಾಕಿಗೆ ಕೊಟ್ಟ ಚೆಕ್ಕು. ಬ್ಯಾಂಕಿನಿಂದ ತಿರುಗಿ ಬಂದ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸು ಕೊಡಬೇಕು, ನೋಟಿಸು ಮುಟ್ಟಿದ ಮೇಲೆ ಹಣ ಕೊಡಲು 15 ದಿನ, ಅದೂ ಮೀರಿದರೆ ಒಂದು ತಿಂಗಳೊಳಗೆ ದೂರು. ಯಂತ್ರದ ಮಾಲೀಕರು ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮಾಡಿದ್ದರು. ಮಂಜುನಾಥ ನೋಟಿಸು ಬಂದಾಗ ಅರ್ಧ ಹಣ ನಗದು ಕೊಟ್ಟ. ರಸೀದಿ ಪಡೆಯಲಿಲ್ಲ, ಚೆಕ್ಕನ್ನೂ ವಾಪಸು ಕೇಳಲಿಲ್ಲ. ಆಮೇಲೆ ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ಬದಲಿಸಿದ. ಸಮನ್ಸು ಹಳೆಯ ವಿಳಾಸಕ್ಕೆ ಹೋಯಿತು.

ಪುಟದಲ್ಲಿ ‘ಕೇಸ್ ಹಿಸ್ಟರಿ’ ಎಂಬ ಭಾಗದಲ್ಲಿ ಪ್ರತಿ ತಾರೀಖನ್ನು ಒತ್ತಿದರೆ ಅಂದು ಏನಾಯಿತು ಎಂದು ಎರಡು ಸಾಲು ಬರುತ್ತದೆ. ವಾರಂಟ್ ಇದೆಯೋ ಇಲ್ಲವೋ ಎಂಬುದನ್ನು ಮೇಲಿನ ಹಂತದ ಕಾಲಮ್ಮಿಗಿಂತ ಈ ಸಾಲುಗಳಲ್ಲಿ ನೋಡುವುದು ವಾಸಿ. ಮೊದಲ ಕೆಲವು ತಾರೀಖುಗಳಲ್ಲಿ ‘ಸಮನ್ಸ್ ಜಾರಿಯಾಗದೆ ವಾಪಸ್, ಮತ್ತೆ ಕಳಿಸಿ’. ನಂತರ ಜಾಮೀನಿಗೆ ಅವಕಾಶವಿರುವ ವಾರಂಟ್. ಆಮೇಲೆ ಎನ್‌ಬಿಡಬ್ಲ್ಯೂ. ಆಮೇಲೆ ‘ಎನ್‌ಬಿಡಬ್ಲ್ಯೂ ರೀಇಶ್ಯೂ’ ಎಂದು ನಾಲ್ಕಾರು ಸಲ. ಮೊದಲು ಸಮನ್ಸು, ಆಮೇಲೆ ಜಾಮೀನು ವಾರಂಟ್, ಕೊನೆಗೆ ಜಾಮೀನುರಹಿತ ವಾರಂಟ್ ಎಂಬ ಈ ಮೆಟ್ಟಿಲನ್ನು ಸುಪ್ರೀಂ ಕೋರ್ಟು 2007ರ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಒತ್ತಿ ಹೇಳಿದೆ.

ಕೋರ್ಟು ರದ್ದು ಮಾಡುವವರೆಗೆ ಅಥವಾ ಜಾರಿಯಾಗುವವರೆಗೆ ವಾರಂಟ್ ಜೀವಂತವಾಗಿರುತ್ತದೆ. ಮೂರು ವರ್ಷ ಯಾರೂ ಬಂದು ಹಿಡಿಯಲಿಲ್ಲ ಎಂದ ಮಾತ್ರಕ್ಕೆ ಅದು ಬಿದ್ದುಹೋಗುವುದಿಲ್ಲ. ಇನ್ನೂ ಬಿಟ್ಟಿದ್ದರೆ ಮುಂದಿನ ಮೆಟ್ಟಿಲು ಉದ್ಘೋಷಣೆ. ಕನಿಷ್ಠ 30 ದಿನದ ಗಡುವು ಕೊಟ್ಟು ಹಾಜರಾಗುವಂತೆ ಸಾರಿ, ಆಸ್ತಿ ಜಪ್ತಿಗೂ ಆದೇಶಿಸಬಹುದು.

ತೀರ್ಮಾನ, ಮತ್ತು ಮುಂದೆ ನಡೆದದ್ದು

ಈಗ ಮನೆಯವರಿಗೆ ವಾರಂಟ್ ಇರುವುದು ಖಚಿತವಾಗಿ ಗೊತ್ತಾಗಿತ್ತು. ಅಂದರೆ ಕಲಂ 253ರ ‘ತಿಳಿದಿದ್ದೂ’ ಎಂಬ ಅರ್ಧ ತುಂಬಿತ್ತು. ಚೆಕ್ ಕೇಸಿಗೆ ಎರಡು ವರ್ಷದವರೆಗೆ ಶಿಕ್ಷೆ ಇರುವುದರಿಂದ, ಹಿಡಿಯಲು ಬಂದವರಿಂದ ಅವನನ್ನು ಬಚ್ಚಿಟ್ಟರೆ ಬಚ್ಚಿಟ್ಟವರಿಗೆ ಆರು ತಿಂಗಳವರೆಗೆ ಆಗಬಹುದು. ಚೆಕ್ ಕೇಸಿನ ವಾರಂಟ್ ಇದೆ ಎಂದು ತಾವಾಗಿ ಠಾಣೆಗೆ ಹೋಗಿ ತಿಳಿಸಬೇಕೆಂಬ ಕಟ್ಟಳೆ ಮಾತ್ರ ಮನೆಯವರ ಮೇಲಿಲ್ಲ. ಕೊಲೆ, ದರೋಡೆಯಂಥವಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 33 ಹೇಳುವ ಮಾಹಿತಿ ಕೊಡುವ ಕರ್ತವ್ಯ ಇಂಥ ಕೇಸಿಗೆ ಅನ್ವಯಿಸುವುದಿಲ್ಲ.

ಅತ್ತೆ ಎರಡು ಮಾತು ಹೇಳಿದರು. ವಾರಂಟ್ ರದ್ದಾದ ಮೇಲೆ ಬಾ. ಅಷ್ಟರೊಳಗೆ ಪೊಲೀಸರು ಇಲ್ಲಿಗೆ ಬಂದು ಕೇಳಿದರೆ ನಿನ್ನ ನಂಬರು ಕೊಡುತ್ತೇನೆ, ಸುಳ್ಳು ಹೇಳುವುದಿಲ್ಲ. ಇದು ಕಠಿಣ ಅನಿಸಬಹುದು. ನಮ್ಮ ದೃಷ್ಟಿಯಲ್ಲಿ ಈ ಪ್ರಕರಣದಲ್ಲಿ ಅತ್ಯಂತ ಸರಿಯಾದ ತೀರ್ಮಾನ ಇದೇ. ಬಾಗಿಲು ಮುಚ್ಚಲಿಲ್ಲ, ಅವನಿಗೊಂದು ಗಡುವೂ ಸಿಕ್ಕಿತು.

ರದ್ದತಿ ಹೇಗಾಯಿತೆಂದರೆ: ಶಿರಸಿಯಲ್ಲಿ ಒಬ್ಬ ವಕೀಲರಿಗೆ ವಕಾಲತ್ತು ಕೊಟ್ಟು, ಮಂಜುನಾಥ ತಾನೇ ಕೋರ್ಟಿಗೆ ಹಾಜರಾಗಿ ವಾರಂಟ್ ಹಿಂಪಡೆಯಲು ಅರ್ಜಿ ಹಾಕಿದ. ಕೇಸು 2024ರ ಜುಲೈ 1ಕ್ಕಿಂತ ಹಿಂದಿನದಾದ್ದರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 70(2), ಹೊಸತಾದರೆ ನಾಗರಿಕ ಸುರಕ್ಷಾ ಸಂಹಿತೆಯ 72(2). ಅರ್ಜಿಯಲ್ಲಿ ಮನೆ ಬದಲಿಸಿದ್ದಕ್ಕೆ ಹಳೆಯ, ಹೊಸ ಬಾಡಿಗೆ ಕರಾರುಗಳ ಪ್ರತಿ ಲಗತ್ತಿಸಿದ್ದರು. ಬರೀ ‘ಗೊತ್ತಿರಲಿಲ್ಲ’ ಎಂಬ ಮಾತಿಗಿಂತ ಈ ಕಾಗದಗಳಿಗೆ ತೂಕ ಹೆಚ್ಚು. ಚೆಕ್ ಕೇಸು ಜಾಮೀನು ಸಿಗುವ ಅಪರಾಧ. ತಾನಾಗಿ ಬಂದು ನಿಂತವನಿಗೂ ಪೊಲೀಸರು ಹಿಡಿದು ತಂದವನಿಗೂ ಕೋರ್ಟಿನ ಕಣ್ಣಿನಲ್ಲಿ ಬಹಳ ಅಂತರವಿದೆ. ಮುಚ್ಚಳಿಕೆ, ಒಬ್ಬ ಜಾಮೀನುದಾರ, ಸಣ್ಣ ಮೊತ್ತದ ವೆಚ್ಚ ಇಷ್ಟಕ್ಕೆ ವಾರಂಟ್ ರದ್ದಾಯಿತು.

ಜಾಮೀನುದಾರನ ವಿಷಯದಲ್ಲಿ ಒಂದು ದಿನ ಹೋಯಿತು. ಜೊತೆಗೆ ಬಂದ ಗೆಳೆಯನ ಹೆಸರಿನಲ್ಲಿ ಆಸ್ತಿ ಇರಲಿಲ್ಲ. ಜಾಮೀನಿಗೆ ನಿಲ್ಲುವವರು ತಮ್ಮ ಹೆಸರಿನ ಇತ್ತೀಚಿನ ಪಹಣಿ ಅಥವಾ ಮನೆ ತೆರಿಗೆಯ ರಸೀದಿ, ಆಧಾರ್, ಫೋಟೊ ತರಬೇಕು. ತಂದೆಯ ಹೆಸರಿನಲ್ಲೇ ಉಳಿದ ಪಹಣಿ ಆಗುವುದಿಲ್ಲ. ಮರುದಿನ ಸಿದ್ದಾಪುರದಿಂದ ಒಬ್ಬ ಸಂಬಂಧಿ ಪಹಣಿ ಹಿಡಿದು ಬಂದರು.

ಇಲ್ಲಿಗೆ ಕೆಲಸ ಮುಗಿಯಿತು ಎಂದು ಹಲವರು ಮನೆಗೆ ಹೋಗುತ್ತಾರೆ. ಮುಗಿದಿರುವುದಿಲ್ಲ. ಕೋರ್ಟು ರದ್ದು ಮಾಡಿದ ವಾರಂಟಿನ ಕಾಗದ ಇನ್ನೂ ಹುಬ್ಬಳ್ಳಿಯ ಠಾಣೆಯಲ್ಲೇ ಇರುತ್ತದೆ. ರದ್ದಾದ ಸುದ್ದಿ ಅಲ್ಲಿಗೆ ತಲುಪದಿದ್ದರೆ ಸಿಬ್ಬಂದಿ ಆ ಕಾಗದ ಹಿಡಿದು ಬರಬಹುದು, ಅವರ ಮೇಲೆ ತಪ್ಪೂ ಹೊರಿಸಲಾಗದು. ಆದ್ದರಿಂದ ವಕೀಲರು ಅಂದೇ ನಕಲು ಅರ್ಜಿ ಹಾಕಿ ಆದೇಶದ ದೃಢೀಕೃತ ನಕಲು ತೆಗೆಸಿದರು. ಒಂದು ಪ್ರತಿಯನ್ನು ಹುಬ್ಬಳ್ಳಿಯ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆದದ್ದಾಯಿತು. ಇನ್ನೊಂದು ಮಂಜುನಾಥನ ಬ್ಯಾಗಿನಲ್ಲಿ, ಮತ್ತೊಂದು ಅತ್ತೆಯ ಮನೆಯ ಕಪಾಟಿನಲ್ಲಿ.

ಬೇರೆಯವರು ಗಮನಿಸಬೇಕಾದದ್ದು

ಇಂಥ ಸಂದರ್ಭ ಬಂದರೆ ಮೊದಲು ಮಾಡಬೇಕಾದದ್ದು ಬರುವವರಿಂದಲೇ ವಿಷಯ ಕೇಳುವುದು, ಅದಕ್ಕೆ ಕೇಸಿನ ಸಿಎನ್‌ಆರ್ ನಂಬರು ಕೇಳುವುದು. ಇದು 16 ಅಕ್ಷರ–ಅಂಕಿಗಳ ಗುರುತು. ಇದೊಂದು ಇದ್ದರೆ ಹೆಸರು, ವರ್ಷ, ಕಾಗುಣಿತದ ಯಾವ ಗೊಂದಲವೂ ಇಲ್ಲದೆ ಕೇಸಿನ ಪುಟ ನೇರ ತೆರೆಯುತ್ತದೆ. ‘ಕೇಸು ಇದೆ, ಆದರೆ ವಾರಂಟ್ ಇಲ್ಲ’ ಎಂದು ಹೇಳುವವರಿಗೆ ನಂಬರು ಕೊಡಲು ಅಡ್ಡಿ ಇರಬಾರದು.

ವಾರಂಟ್ ಎಂದೊಡನೆ ದೊಡ್ಡ ಅಪರಾಧಿ ಎಂದು ಹೆದರುವುದು ಬೇಡ. ಸಾಕ್ಷಿ ಹೇಳಲು ಕರೆದಾಗ ಹೋಗದವನ ಮೇಲೂ ವಾರಂಟ್ ಆಗುತ್ತದೆ. ಹೆಂಡತಿಗೆ ಜೀವನಾಂಶದ ಬಾಕಿ ಇಟ್ಟವನ ಮೇಲೆ ‘ಎಫ್‌ಎಲ್‌ಡಬ್ಲ್ಯೂ’ (ಬಾಕಿಯನ್ನು ದಂಡದಂತೆ ವಸೂಲಿ ಮಾಡುವ ವಾರಂಟ್) ಎಂಬುದು ಹೊರಡುತ್ತದೆ. ಸಿವಿಲ್ ಡಿಕ್ರಿಯ ಅಮಲ್ಜಾರಿಯಲ್ಲೂ ದಸ್ತಗಿರಿ ವಾರಂಟ್ ಉಂಟು. ಹಾಗೆಂದು ಎಲ್ಲವನ್ನೂ ಹಗುರಾಗಿ ತೆಗೆದುಕೊಳ್ಳುವಂತೆಯೂ ಇಲ್ಲ. ಫಿರ್ಯಾದಿಯ ಕಾಲಮ್ಮಿನಲ್ಲಿ ಖಾಸಗಿ ಹೆಸರಿದೆಯೋ ಸರ್ಕಾರದ ಪರ ಠಾಣೆಯ ಹೆಸರಿದೆಯೋ, ಕಾಯ್ದೆ–ಕಲಂ ಯಾವುದು ಎಂಬುದನ್ನು ನೋಡಬೇಕು. ಹೆಂಗಸರ ಮೇಲಿನ ಹಿಂಸೆ, ಮಕ್ಕಳ ಮೇಲಿನ ಅಪರಾಧ, ಕೊಲೆಯತ್ನದಂಥ ಕಲಂ ಕಂಡರೆ ‘ರದ್ದು ಮಾಡಿಸಿಕೊಂಡು ಬಾ’ ಎಂಬ ಮಾತೂ ಸಾಲದು. ಒಂಟಿಯಾಗಿರುವವರು ಅಂಥವರನ್ನು ಮನೆಯಲ್ಲಿ ಇರಿಸಿಕೊಳ್ಳಲೇಬೇಕೆಂದು ಯಾವ ಸಂಬಂಧವೂ ಒತ್ತಾಯಿಸುವಂತಿಲ್ಲ. ಹೆದರಿಕೆಯಾದರೆ 112.

ವೆಬ್‌ಸೈಟಿನಲ್ಲಿ ಏನೂ ಸಿಗದಿದ್ದರೆ ಏನೂ ಇಲ್ಲವೆಂದೇ ತಿಳಿಯಬಾರದು. ತನಿಖೆಯ ಹಂತದಲ್ಲಿದ್ದು ಇನ್ನೂ ದೋಷಾರೋಪಣೆ ಸಲ್ಲಿಕೆಯಾಗದ ಕೇಸು, ಹೆಸರು ಮರೆಮಾಡಿದ ಸೂಕ್ಷ್ಮ ಕೇಸು, ಶಾಂತಿ ಕಾಪಾಡಲು ಮುಚ್ಚಳಿಕೆ ಬರೆಸಿಕೊಳ್ಳುವಂಥ ತಹಶೀಲ್ದಾರರ ಮುಂದಿನ ಭದ್ರತಾ ಪ್ರಕರಣ, ಗ್ರಾಹಕ ಆಯೋಗದ ವಾರಂಟ್ ಇವೆಲ್ಲ ಆ ಹುಡುಕಾಟದಲ್ಲಿ ಸಿಕ್ಕದಿರಬಹುದು. ಕೋರ್ಟಿನ ಪುಟ ನವೀಕರಣವಾಗಲು ಕೆಲವೊಮ್ಮೆ ದಿನಗಳು ಹಿಡಿಯುತ್ತವೆ. ಇವತ್ತು ರದ್ದಾದ ವಾರಂಟ್ ಪುಟದಲ್ಲಿ ಇನ್ನೂ ‘ಎನ್‌ಬಿಡಬ್ಲ್ಯೂ’ ಎಂದೇ ತೋರಬಹುದು.

ಪೊಲೀಸರು ಬಂದೇ ಬಿಟ್ಟರೆ ವಾರಂಟಿನ ಸಾರವನ್ನು ಅವರು ಹೇಳಬೇಕು, ಕೇಳಿದರೆ ತೋರಿಸಬೇಕು ಎಂದು ಸುರಕ್ಷಾ ಸಂಹಿತೆಯ ಕಲಂ 77 ಹೇಳುತ್ತದೆ. ಯಾವ ಕೋರ್ಟು, ಯಾವ ನಂಬರು, ಯಾರ ತಂದೆಯ ಹೆಸರು ಎಂದು ಅಲ್ಲೇ ನೋಡಿ. ಒಂದೇ ಹೆಸರಿನವರು ಹತ್ತಾರು ಮಂದಿ ಇರುವ ನಮ್ಮ ಕಡೆ ಇದು ಮುಖ್ಯ. ಕರೆದೊಯ್ದವರನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಕೋರ್ಟಿನ ಮುಂದೆ ಹಾಜರುಪಡಿಸಬೇಕು.

ಮಂಜುನಾಥ ದೀಪಾವಳಿಯ ನಂತರ ಅಂಕೋಲಾಕ್ಕೆ ಬಂದ. ಯಂತ್ರದ ಮಾಲೀಕರೊಂದಿಗಿನ ವ್ಯಾಜ್ಯ ಮುಂದಿನ ರಾಷ್ಟ್ರೀಯ ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. ಉಳಿದ ಹಣವನ್ನು ನಾಲ್ಕು ಕಂತಿನಲ್ಲಿ, ಈ ಸಲ ಬ್ಯಾಂಕಿನ ಮೂಲಕ ಕೊಡಬೇಕೆಂದು ಬರೆಸಿಕೊಂಡರು. ಆ ರಾಜಿ ಸಿವಿಲ್ ಡಿಕ್ರಿಯಂತೆ ಜಾರಿಗೆ ಬರುವಂಥದ್ದು, ಕಂತು ತಪ್ಪಿದರೆ ಅಮಲ್ಜಾರಿ ಅರ್ಜಿ ಬೀಳುತ್ತದೆ. ಚಿಕ್ಕಪ್ಪ ಗುಂಪಿನಿಂದ ಸ್ಕ್ರೀನ್‌ಶಾಟ್ ಅಳಿಸಿ, ಅದು ಬೇರೆಯವನ ಕೇಸು ಎಂದು ಅದೇ ಗುಂಪಿನಲ್ಲಿ ಬರೆದರು. ನಾದಿನಿ ಗುಂಪಿಗೆ ಮರಳಿಲ್ಲ. ಶಿರಸಿಯ ಕೇಸು ಈಗ ಮುಗಿದವುಗಳ ಪಟ್ಟಿಯಲ್ಲಿ ಅವನ ಹೆಸರಿನಲ್ಲೇ ಕಾಣುತ್ತದೆ. ಮುಂದೆ ಎಲ್ಲಾದರೂ ಬಾಡಿಗೆ ಕೋಣೆ ಕೇಳುವಾಗ ಯಾರಾದರೂ ಅದನ್ನು ನೋಡಿ ವಿಚಾರಿಸಿದರೆ ತೋರಿಸಲೆಂದು ರಾಜಿ ಆದೇಶದ ನಕಲನ್ನೂ ಅವನು ತೆಗೆಸಿಟ್ಟುಕೊಂಡಿದ್ದಾನೆ.